ಗಾಡಿಯ ಬೆಳಗಿನ ಕೆಮ್ಮು

ನಮ್ಮ ಕಾರು ನಾನು ಒಬ್ಬಳೇ ಇದ್ದಾಗ ಮಾತ್ರ ಕೆಡುತ್ತಿತ್ತು. ಹೀಗೆಂದರೆ ಯಾರಿಗಾದರೂ ನಗು ಬರುತ್ತದೆ, ನನ್ನ ಮಗಳಿಗೂ ಬಂತು. ಆದರೆ ನಡೆದದ್ದು ಹಾಗೆಯೇ. ವೇಲಚೇರಿಯಿಂದ ಮಗಳು ಬಂದು ಸ್ಟೀರಿಂಗ್ ಹಿಡಿದರೆ ಅದರಷ್ಟು ಒಳ್ಳೆಯ ಗಾಡಿ ಚೆನ್ನೈಯಲ್ಲೇ ಇಲ್ಲ. ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದರೆ ಬ್ಯಾಟರಿ ಒಳ್ಳೆ ಹುಡುಗನ ಹಾಗೆ ಚಾರ್ಜ್ ಆಗುತ್ತಲೇ ಇರುತ್ತಿತ್ತು. ಅವರೆಲ್ಲ ಹೋದ ಮೇಲೆ ನಾನು ಎಲ್ಲಿಗಾದರೂ ಹೋಗಿ, ನಿಲ್ಲಿಸಿ, ಕೆಲಸ ಮುಗಿಸಿ ಬಂದು ಕೀ ತಿರುಗಿಸಿದರೆ 'ಕಟಕ್' ಎಂದು ಒಂದೇ ಸದ್ದು. ಆಮೇಲೆ ಏನೂ ಇಲ್ಲ.

ಅದು ಹಳೆಯ ಡೀಸೆಲ್ ಕಾರು. ನಮ್ಮ ಯಜಮಾನರು ರೈಲ್ವೆಯ ಲೆಕ್ಕಪತ್ರ ಕಚೇರಿಯಲ್ಲಿ ಇದ್ದಾಗ ಕೊಂಡದ್ದು. ನಾನು ಆಗ ಬ್ಯಾಂಕಿನಲ್ಲಿದ್ದೆ. ಈಗ ನಾನು ನಿವೃತ್ತಳು, ಅವರು ಇಲ್ಲ. ಹೃದಯ ನಿಂತು ಹೋದರು, ಎರಡನೇ ವರ್ಷದ ತಿಥಿಯೂ ಆಯಿತು. ಪೋರೂರಿನ ಮೊದಲನೇ ಮಹಡಿಯ ಫ್ಲ್ಯಾಟಿನಲ್ಲಿ ನಾನು, ಕೆಳಗೆ ಗಿಡದ ನೆರಳಿನಲ್ಲಿ ಕಾರು. ಇಬ್ಬರಿಗೂ ವಯಸ್ಸಾಗಿದೆ, ಇಬ್ಬರಿಗೂ ದಿನವೂ ಹೊರಗೆ ಹೋಗುವ ಕೆಲಸವಿಲ್ಲ.

ಆದರೆ ಶನಿವಾರ ಹೋಗಲೇಬೇಕು. ಕ್ರೋಂಪೇಟೆಯಲ್ಲಿ ಉಡುಪಿ ಕಡೆಯವರದೊಂದು ಚಿಕ್ಕ ಹೋಟೆಲ್ ಇದೆ. ಯಜಮಾನರ ತಂದೆ ಹುಬ್ಬಳ್ಳಿ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದು ಮೊದಲು ಮನೆ ಮಾಡಿದ್ದು ಅದೇ ಬೀದಿಯ ಹಿಂದೆ. ಮದುವೆಯಾದಾಗಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಇಡ್ಲಿ ತಿಂದು ಕಾಫಿ ಕುಡಿದು ಬರುವುದು ನಮ್ಮ ಪದ್ಧತಿ. ಅವರು ಹೋದ ಮೇಲೂ ನಾನು ಬಿಡಲಿಲ್ಲ. ಗಲ್ಲಾದ ಮೇಲೆ ಕುಂದಾಪುರದ ಕಡೆಯ ಒಬ್ಬ ಹಿರಿಯರು ಕೂರುತ್ತಾರೆ. "ಎಂತ ಅಮ್ಮಾ, ಈ ವಾರ ತಡ ಆಯ್ತ್ ಅಲ್ದಾ?" ಎನ್ನುತ್ತಾರೆ. "ಹೂಂ, ಪಮ್ಮಲ್ ಹತ್ರ ಟ್ರಾಫಿಕ್ಕು" ಎನ್ನುತ್ತೇನೆ. ಇನ್ನೆರಡು ಮಾತು ಆಗುತ್ತದೆ. ಒಂದು ವಾರಕ್ಕೆ ಇನ್ನೊಬ್ಬರ ಬಾಯಿಂದ ನನ್ನ ಕಿವಿಗೆ ಬೀಳುವ ಕನ್ನಡ ಅಷ್ಟೇ. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ.

ಟ್ಯಾಕ್ಸಿಯಲ್ಲಿ ಹೋಗಿ ಬಾ, ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಬಾಗಿಲಿಗೆ ಬರುತ್ತದೆ ಎಂದು ಅವಳು ಹೇಳುತ್ತಿದ್ದಳು. ಬರುತ್ತದೆ, ನನಗೂ ಗೊತ್ತು. ಆದರೆ ಕ್ರೋಂಪೇಟೆಗೆ ಹೋಗುವ ದಾರಿಯುದ್ದಕ್ಕೂ ನಾನು ಪಕ್ಕದ ಖಾಲಿ ಸೀಟಿನ ಜೊತೆ ಗಟ್ಟಿಯಾಗಿ ಮಾತಾಡುತ್ತೇನೆ. ವಾರದ ಸುದ್ದಿಯೆಲ್ಲ ಹೇಳುತ್ತೇನೆ. ನೀರಿನ ಮೋಟಾರು ಸುಟ್ಟದ್ದು, ಸಂಘದ ಕಾರ್ಯದರ್ಶಿ ಮಾಡಿದ ದರ್ಬಾರು, ಮೊಣಕಾಲು ನೋವು. ಬೈಯುವುದಿದ್ದರೆ ಬೈಯುತ್ತೇನೆ. ಮನೆಯಲ್ಲಿ ಹಾಗೆ ಮಾತಾಡಿದರೆ ಗೋಡೆ ಕೇಳುತ್ತದೆ, ನನಗೇ ಹೆದರಿಕೆಯಾಗುತ್ತದೆ. ಕಾರಿನಲ್ಲಿ ಹೆದರಿಕೆಯಿಲ್ಲ. ಯಾರೋ ಪಾಪದ ಟ್ಯಾಕ್ಸಿಯವನ ಬೆನ್ನಿನ ಹಿಂದೆ ಕುಳಿತು ಸತ್ತ ಗಂಡನ ಜೊತೆ ಜಗಳ ಆಡಲು ಆಗುತ್ತದೆಯೇ? ಇದನ್ನು ಮಗಳಿಗೆ ಹೇಳುವ ಹಾಗೂ ಇರಲಿಲ್ಲ.

ಮೊದಲ ಸಲ ಕೈಕೊಟ್ಟದ್ದು ಅವರು ಹೋದ ಕೆಲವೇ ವಾರಕ್ಕೆ, ತರಕಾರಿ ಅಂಗಡಿಯ ಮುಂದೆ. ನಮ್ಮ ರಸ್ತೆಯ ಕೊನೆಯಲ್ಲೇ ಶೆಡ್ ಹಾಕಿಕೊಂಡಿರುವ ಮೆಕ್ಯಾನಿಕ್ ಇನ್ನೊಂದು ಬ್ಯಾಟರಿ ತಂದು ತಂತಿ ಸಿಕ್ಕಿಸಿ ಎಬ್ಬಿಸಿದ. ನಡುವಯಸ್ಸಿನವನು, ಮಾತು ಹೆಚ್ಚು, ಕೆಲಸದಲ್ಲಿ ಮೋಸವಿಲ್ಲ. ಎಂಜಿನ್ ಓಡುತ್ತಿರುವಾಗ ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗೆ ಇಟ್ಟು, ಬಾನೆಟ್ಟಿನ ಒಳಗಿನಿಂದಲೇ ಆಕ್ಸಿಲರೇಟರಿನ ತಂತಿ ಎಳೆದು ಗರ್ ಎನ್ನಿಸಿದ. "ಪಾರುಂಗ ಮಾ, ಪದಿನಾಲು. ಡೈನಮೋ ಸೂಪರಾ ಇರುಕ್ಕು" ಎಂದ. ಹದಿನಾಲ್ಕು ವೋಲ್ಟ್ ಬಂದರೆ ಚಾರ್ಜ್ ಆಗುತ್ತಿದೆ ಎಂದರ್ಥ. ಹನ್ನೆರಡರಲ್ಲೇ ನಿಂತರೆ ಇಲ್ಲ. ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವ ಡೈನಮೋ ಸರಿಯಿದ್ದರೆ ತಪ್ಪು ಬ್ಯಾಟರಿಯದೇ ಎಂದು ಹೊಸ ಬ್ಯಾಟರಿ ಹಾಕಿದ. ನಾನೂ ಒಪ್ಪಿದೆ. ಹಳೆಯದಕ್ಕೆ ವಯಸ್ಸಾಗಿತ್ತು.

ಹೊಸ ಬ್ಯಾಟರಿ ತಿಂಗಳೊಳಗೆ ಮಲಗಿತು. ಈ ಸಲ ಆಸ್ಪತ್ರೆಯ ಹೊರಗೆ, ನಾನು ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬಂದಾಗ. ಮಗಳಿಗೆ ಫೋನ್ ಮಾಡಿದೆ. ಅವಳು ಆಫೀಸಿನಿಂದ ಅರ್ಧಕ್ಕೆ ಎದ್ದು ಬಂದಳು, ಮೆಕ್ಯಾನಿಕ್ಕೂ ಬಂದ. ಎಬ್ಬಿಸಿದ ಮೇಲೆ ಮಗಳೇ ಓಡಿಸಿಕೊಂಡು ಮನೆಗೆ ತಂದಳು. ಮೀಟರ್ ಇಟ್ಟರೆ ಮತ್ತೆ ಹದಿನಾಲ್ಕು. ಮೆಕ್ಯಾನಿಕ್ ಬೆಲ್ಟ್ ಬಿಗಿ ಮಾಡಿದ, ಬ್ಯಾಟರಿಯ ತುದಿಗಳನ್ನು ಉಜ್ಜಿದ, ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿ ಕೆರೆದು ಮತ್ತೆ ಕೂರಿಸಿದ. ನಿಂತ ಗಾಡಿಯಲ್ಲಿ ಕರೆಂಟು ಎಲ್ಲಾದರೂ ಸೋರುತ್ತಿದೆಯೋ ಎಂದು ಒಂದೊಂದೇ ಫ್ಯೂಸ್ ತೆಗೆದು ನೋಡಿದ. ಎಲ್ಲೂ ಇಲ್ಲ. ಇಡೀ ದಿನ ಶೆಡ್ಡಿನಲ್ಲಿ ಇಟ್ಟುಕೊಂಡು ಹತ್ತಾರು ಸಲ ಸ್ಟಾರ್ಟ್ ಮಾಡಿ ನೋಡಿದ. ಕಾರು ಒಂದು ಸಲವೂ ಹಟ ಮಾಡಲಿಲ್ಲ.

"ಕೆಂಪು ಲೈಟ್ ಬಂತಾ ಮಾ, ಓಡಿಸುವಾಗ?" ಎಂದು ಅವನು ತಮಿಳಿನಲ್ಲಿ ಕೇಳಿದ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಚಿತ್ರದ ಕೆಂಪು ದೀಪ ಇರುತ್ತದಲ್ಲ, ಚಾರ್ಜ್ ಆಗದಿದ್ದರೆ ಅದು ಹತ್ತಿಕೊಳ್ಳಬೇಕು. ಬರಲೇ ಇಲ್ಲ ಎಂದೆ. ನಿಜವಾಗಿಯೂ ಬಂದಿರಲಿಲ್ಲ. ಹಾಗಿದ್ದರೆ ಚಾರ್ಜ್ ಆಗುತ್ತಿದೆ ಎಂದು ಅವನು ತೀರ್ಮಾನಿಸಿದ, ನಾನೂ ತೀರ್ಮಾನಿಸಿದೆ. ನಾವಿಬ್ಬರೂ ಆ ದೀಪವನ್ನು ಅಷ್ಟು ನಂಬಿದ್ದೆವು.

ಡೀಸೆಲ್ ಗಾಡಿಯ ತೊಂದರೆ ಏನೆಂದರೆ, ಅದರಲ್ಲೂ ಇಷ್ಟು ಹಳೆಯದರದ್ದು, ಒಮ್ಮೆ ಎಂಜಿನ್ ಹತ್ತಿತೋ ಆಮೇಲೆ ಬ್ಯಾಟರಿ ಸೊರಗಿದ್ದರೂ ಹೆಚ್ಚು ಗೊತ್ತಾಗುವುದಿಲ್ಲ. ಓಡುತ್ತಲೇ ಇರುತ್ತದೆ. ನಿಲ್ಲಿಸಿ ಮತ್ತೆ ಎಬ್ಬಿಸಲು ಹೋದಾಗಲೇ ನಿಜ ಹೊರಬೀಳುವುದು. ಹಾಗಾಗಿ ನಾನು ಎಲ್ಲಿಗೆ ಹೋದರೂ ಗಾಡಿ ನಿಲ್ಲಿಸುವುದಕ್ಕೇ ಹೆದರತೊಡಗಿದೆ. ದೇವಸ್ಥಾನದ ಮುಂದೆ ಎಂಜಿನ್ ಆರಿಸದೆ ಕೂತಲ್ಲಿಂದಲೇ ಕೈಮುಗಿದು ಬಂದದ್ದೂ ಇದೆ.

ಆಮೇಲೆ ಒಂದು ಮಧ್ಯಾಹ್ನ ಮಗಳು ಮತ್ತೆ ಬಂದಳು, ಮತ್ತೆ ಓಡಿಸಿ ನೋಡಿದಳು, ಮತ್ತೆ ಎಲ್ಲ ಸರಿ. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಅವಳು ಬಾಲ್ಕನಿಯಲ್ಲಿ ನಿಂತು ಗಂಡನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು. "ಅಮ್ಮಾವಾಲ ತನಿಯಾ ಇರುಕ್ಕ ಮುಡಿಯಲ. ಕಾರ್ ಒರು ಸಾಕ್ಕು." ಅಮ್ಮನಿಗೆ ಒಬ್ಬಳೇ ಇರಲು ಆಗುತ್ತಿಲ್ಲ, ಕಾರು ಒಂದು ನೆಪ ಎಂದು.

ಸಿಟ್ಟು ಬಂತು. ಕಾಫಿಯನ್ನು ಲೋಟಕ್ಕೆ ಹಾಕಿ ಅವಳ ಮುಂದೆ ಕುಕ್ಕಿದೆ. "ನಾನೇನು ಸುಳ್ಳು ಹೇಳಿ ನಿನ್ನ ಕರೆಸ್ಕೊಳ್ತೀನಾ? ಮೂವತ್ತೈದು ವರ್ಷ ಬ್ಯಾಂಕಲ್ಲಿ ಕೂತು ಬಂದೋಳು ನಾನು" ಎಂದೆ. ಬ್ಯಾಂಕಿಗೂ ಇದಕ್ಕೂ ಏನು ಸಂಬಂಧವೋ, ಸಿಟ್ಟಿನಲ್ಲಿ ಅದೇ ಬಾಯಿಗೆ ಬಂತು. ಅವಳು ತಗ್ಗಿದ ದನಿಯಲ್ಲಿ, ಹಾಗಲ್ಲಮ್ಮ, ಆದರೆ ನೀನು ಒಬ್ಬಳೇ ಇದ್ದಾಗ ಮಾತ್ರ ಯಾಕೆ ಆಗುತ್ತೆ ಎಂದು ತಮಿಳಿನಲ್ಲಿ ಕೇಳಿದಳು. ಅವಳು ಹೋದ ಮೇಲೆ ತುಂಬ ಹೊತ್ತು ಕೂತು ಯೋಚಿಸಿದೆ. ನಾನು ಒಂಟಿ, ನಿಜ. ಅವಳು ಬಂದರೆ ನನಗೆ ಸಂತೋಷವಾಗುತ್ತಿತ್ತು, ಅದೂ ನಿಜ. ಗಾಡಿ ಕೆಟ್ಟಿದೆ ಎಂಬುದೂ ಅಷ್ಟೇ ನಿಜವಾಗಿತ್ತು. ಆದರೆ ಮೊದಲಿನ ಎರಡು ನಿಜ ಇದ್ದವರು ಮೂರನೆಯದನ್ನು ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಅಂದು ಗೊತ್ತಾಯಿತು.

ಮಾರನೆಯ ದಿನ ಹೋಗಿ ಒಂದು ಪುಟ್ಟ ಮೀಟರು ಕೊಂಡು ತಂದೆ. ಸಿಗರೇಟು ಹಚ್ಚುವ ಕಿಂಡಿಗೆ ಸಿಕ್ಕಿಸಿದರೆ ವೋಲ್ಟ್ ಎಷ್ಟೆಂದು ನೀಲಿ ಅಂಕಿಯಲ್ಲಿ ತೋರಿಸುತ್ತದೆ. ಇನ್ನು ಬೇರೆಯವರ ಕಡ್ಡಿ ನನಗೆ ಬೇಡ ಎಂದುಕೊಂಡೆ. ಓಡಿಸುವಾಗೆಲ್ಲ ಅದರ ಮೇಲೆ ಒಂದು ಕಣ್ಣು. ಹೆಚ್ಚಿನ ದಿನ ಹನ್ನೆರಡು ಚಿಲ್ಲರೆ, ಅದೂ ನಿಧಾನವಾಗಿ ಇಳಿಯುತ್ತ. ಕೆಲವು ದಿನ ಹದಿನಾಲ್ಕು, ಎಂಜಿನ್ ಆರಿಸುವವರೆಗೂ ಅಲುಗಾಡದೆ. ಮಳೆಗೂ ಬಿಸಿಲಿಗೂ ಸಂಬಂಧವಿಲ್ಲ. ಎಸಿ ಹಾಕಿದರೂ ಹಾಕದಿದ್ದರೂ ಅಷ್ಟೇ. ಗುಂಡಿಗೆ ಇಳಿದು ಗಾಡಿ ಕುಲುಕಿದಾಗ ಎಲ್ಲಾದರೂ ತಂತಿ ಸಡಿಲವಾಗಿ ಅಂಕಿ ಹಾರುತ್ತದೋ ಎಂದು ಕಾದೆ. ನಮ್ಮ ಕಡೆ ಗುಂಡಿಗೇನು ಕಡಿಮೆ. ಅಂಕಿ ಹಾರಲಿಲ್ಲ.

ಇಷ್ಟರಲ್ಲಿ ಒಂದು ಶನಿವಾರ ಕ್ರೋಂಪೇಟೆಯ ಹೋಟೆಲಿನ ಮುಂದೆಯೇ ಮಾನ ಹೋಯಿತು. ಕಾಫಿ ಕುಡಿದು ಬಂದು ಕೀ ತಿರುಗಿಸಿದೆ, 'ಕಟಕ್'. ಗಲ್ಲಾದವರು ಒಳಗಿನಿಂದ ಎದ್ದು ಬಂದರು. "ಎಂತ ಆಯ್ತ್ ಅಮ್ಮ? ನಿಲ್ಲಿ, ನೂಕುಕೆ ಜನ ಕಳಿಸ್ತೆ" ಎಂದು ಬಡಿಸುವವರನ್ನು ಕರೆದರು. ಅವರು ಸೊಂಟಕ್ಕೆ ಕಟ್ಟಿದ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಬಂದು ನೂಕಿದರು. ಬೀದಿಯ ಕೊನೆಯಲ್ಲಿ ಎಂಜಿನ್ ಹತ್ತಿತು. ತಿಂಡಿ ತಿನ್ನಲು ಬಂದವರೆಲ್ಲ ಎಲೆಯ ಮುಂದಿನಿಂದ ಎದ್ದು ನೋಡುತ್ತಿದ್ದರು. ನಾನು ಕನ್ನಡಿ ನೋಡದೆ ತಿರುವು ದಾಟಿಸಿದೆ.

ಈ ಸುದ್ದಿ ಹೇಳಿದಾಗ ಮಗಳು ನಗಲಿಲ್ಲ. ಅವಳ ಆಫೀಸಿನವರ ಪರಿಚಯದ ಒಬ್ಬರು ಹಳೆಯ ಗಾಡಿ ಕೊಳ್ಳುತ್ತಾರಂತೆ, ಮುಂದಿನ ಭಾನುವಾರ ಬಂದು ನೋಡಿ ತೆಗೆದುಕೊಂಡು ಹೋಗುತ್ತಾರಂತೆ. "ವಿಟ್ಟುಡು ಮಾ. ನಡು ರೋಡ್‌ಲ ನಿನ್ನುಟ್ಟಾ?" ಎಂದಳು. ಬಿಟ್ಟುಬಿಡು, ನಡುರಸ್ತೆಯಲ್ಲಿ ನಿಂತುಬಿಟ್ಟರೆ ಏನು ಗತಿ ಎಂದು. ಅವಳ ದನಿಯಲ್ಲಿ ನಿಜವಾದ ಹೆದರಿಕೆ ಇತ್ತು. ಅದಕ್ಕೆ ಎದುರಾಡಲು ಆಗಲಿಲ್ಲ. ಆಗಲಿ ಎಂದೆ. ಫೋನ್ ಇಟ್ಟು ಕೆಳಗಿಳಿದು ಹೋಗಿ ಕಾರಿನಲ್ಲಿ ಸುಮ್ಮನೆ ಕೂತುಬಂದೆ.

ಉಳಿದದ್ದು ಒಂದೇ ಶನಿವಾರ. ಅಂದು ಪಮ್ಮಲ್ ರಸ್ತೆಯನ್ನು ಚರಂಡಿಗಾಗಿ ಅಗೆದು ಹಾಕಿದ್ದರು. ಆ ದಾರಿಯಲ್ಲಿ ಮೊದಲೇ ಎರಡನೇ ಗೇರ್ ದಾಟುವುದು ಅಪರೂಪ, ಅಗೆದ ಮೇಲೆ ಕೇಳುವುದೇ ಬೇಡ. ಹಾಗಾಗಿ ಇಷ್ಟವಿಲ್ಲದಿದ್ದರೂ ಬೈಪಾಸ್ ಹಿಡಿದೆ. ಲಾರಿಗಳೆಂದರೆ ನನಗಾಗದು. ನಾನು ಎಡಕ್ಕೆ ಅಂಟಿಕೊಂಡು, ನನ್ನ ಪಾಡಿಗೆ ಮೆಲ್ಲಗೆ ಹೋಗುತ್ತಿದ್ದೆ. ಪಕ್ಕದ ಸೀಟಿಗೆ ಹೇಳುತ್ತಿದ್ದೆ. "ನೋಡಿ, ಇದೇ ಕೊನೆ. ನಾಳೆ ಇದನ್ನ ಯಾರೋ ತಗೊಂಡು ಹೋಗ್ತಾರೆ. ಆಮೇಲೆ ನಿಮ್ಮ ಹತ್ರ ಎಲ್ಲಿ ಮಾತಾಡ್ಲಿ, ನೀವೇ ಹೇಳಿ." ನೀಲಿ ಅಂಕಿ ಹನ್ನೆರಡರಿಂದ ಕೆಳಗೆ ಇಳಿಯುತ್ತಿತ್ತು.

ಆಗ ಒಂದು ನೀರಿನ ಲಾರಿ ಹಿಂದಿನಿಂದ ಬಂದು, ನನ್ನ ಡಿಕ್ಕಿಗೆ ಮೂಗು ತಾಗಿಸುವಷ್ಟು ಹತ್ತಿರ ಬಂದು, ಹಾರ್ನ್ ಒತ್ತಿ ಹಿಡಿಯಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಕಾಲು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿತು. ಎಂಜಿನ್ ಅರಚಿತು. ಕನ್ನಡಿಯಲ್ಲಿ ಕಪ್ಪು ಹೊಗೆ ಕಂಡಿತು. ನೀಲಿ ಅಂಕಿ ಒಂದೇ ನೆಗೆತಕ್ಕೆ ಹದಿನಾಲ್ಕಕ್ಕೆ ಏರಿ ಅಲ್ಲೇ ನಿಂತಿತು.

ಲಾರಿ ದಾಟಿ ಹೋಯಿತು. ನಾನು ಮತ್ತೆ ಮೆಲ್ಲಗಾದೆ. ಅಂಕಿ ಇಳಿಯಲಿಲ್ಲ. ಮುಂದೆ ಸಿಕ್ಕ ಸರ್ವಿಸ್ ರಸ್ತೆಗೆ ಇಳಿದು, ಬ್ಯಾಟರಿಗೆ ಒಂದಿಷ್ಟು ಜೀವ ಬರಲಿ ಎಂದು ಎಂಜಿನ್ ಓಡುತ್ತ ಬಿಟ್ಟು ಕೂತೆ. ಆಮೇಲೆ ದೇವರನ್ನು ನೆನೆದು ಆರಿಸಿದೆ. ಮತ್ತೆ ಎಬ್ಬಿಸಿದೆ, ಎದ್ದಿತು. ನಾನು ಯಾವಾಗಲೂ ಮಾಡುವಂತೆ ಕಾಲನ್ನು ದೂರವೇ ಇಟ್ಟೆ. ಹನ್ನೆರಡು. ಕಾದೆ, ಹನ್ನೆರಡೇ. ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ಒತ್ತಿ ಬಿಟ್ಟೆ. ಹದಿನಾಲ್ಕು. ಇನ್ನೊಮ್ಮೆ ಆರಿಸಿ ಎಬ್ಬಿಸಿ ನೋಡಿದೆ. ಅದೇ ಲೆಕ್ಕ. ಡೈನಮೋ ಸತ್ತಿರಲಿಲ್ಲ, ನಿದ್ದೆ ಹೋಗಿತ್ತು. ಒಂದು ಸಲ ಗದರಿಸಿದರೆ ಎದ್ದು, ಎಂಜಿನ್ ಆರಿಸುವವರೆಗೂ ಕೆಲಸ ಮಾಡುತ್ತಿತ್ತು. ಮೆಕ್ಯಾನಿಕ್ ಪರೀಕ್ಷಿಸುವಾಗಲೆಲ್ಲ ಗರ್ ಎನ್ನಿಸುತ್ತಿದ್ದ. ಮಗಳು ಓಡಿಸುವುದೇ ಹಾಗೆ, ಮೈಮೇಲೆ ಬಂದವಳಂತೆ. ಮೆಲ್ಲಗೆ ಎಬ್ಬಿಸಿ ಮೆಲ್ಲಗೆ ಹೋಗುತ್ತಿದ್ದವಳು ನಾನೊಬ್ಬಳೇ. ಹದಿನಾಲ್ಕು ಬಂದ ದಿನಗಳಲ್ಲಿ ನಾನೂ ಎಲ್ಲೋ ಅವಸರಕ್ಕೆ ಜೋರಾಗಿ ಒತ್ತಿರಬೇಕು.

ಅಲ್ಲಿ ಕೂತಿದ್ದಾಗಲೇ ಇನ್ನೊಂದು ನೆನಪಾಯಿತು. ನಮ್ಮ ಯಜಮಾನರು ಗಾಡಿ ಎಬ್ಬಿಸುತ್ತಿದ್ದ ಕ್ರಮ.

ಕೀ ಅರ್ಧ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಆಕಾರದ ಹಳದಿ ದೀಪ ಹತ್ತುತ್ತದೆ. ಎಂಜಿನ್ನಿನ ಒಳಗು ಬಿಸಿಯಾಗುವವರೆಗೆ ಅದು ಉರಿದು ಆರಬೇಕು. ಚೆನ್ನೈಯ ಸೆಕೆಯಲ್ಲಿ ಯಾವ ಬಿಸಿ ಬೇಕು ಎಂದು ನಾನು ಕೇಳಿದರೂ ಅವರು ಆ ಹಳದಿ ಸುರುಳಿಯನ್ನೇ ನೋಡುತ್ತ ಒಂದು ಶ್ಲೋಕ ಹೇಳುತ್ತಿದ್ದರು. ಶ್ಲೋಕ ಮುಗಿಯುವುದಕ್ಕೂ ದೀಪ ಆರುವುದಕ್ಕೂ ಸರಿಹೋಗುವಂತೆ ಅಭ್ಯಾಸ ಮಾಡಿಕೊಂಡಿದ್ದರು. ಎಂಜಿನ್ ಹತ್ತಿದ ಕೂಡಲೇ ಒಂದು ರೇಸ್. ಅಂದರೆ ನಿಂತಲ್ಲೇ ಆಕ್ಸಿಲರೇಟರನ್ನು ಪೂರಾ ಒತ್ತಿ ಗಾಡಿ ಗರ್ಜಿಸುವಂತೆ ಮಾಡುವುದು. ಕಟ್ಟಡದ ಪಾರಿವಾಳಗಳೆಲ್ಲ ಎದ್ದು ಹೋಗುತ್ತಿದ್ದವು.

"ಮೂರು ಜನ ಇರೋ ಮನೆಗೆ ಲಾರಿ ಬಂದಂಗೆ ಯಾಕ್ರೀ ಸದ್ದು" ಎಂದು ನಾನು ಬೈದರೆ, "ತಡೀ, ಗಂಟ್ಲಾ ಸರಿ ಮಾಡ್ಕೊಳ್ಲಿ ಅದು. ಮುಂಜಾನೆದ್ದು ನಾನೂ ಕೆಮ್ಮಂಗಿಲ್ಲೇನು?" ಎನ್ನುತ್ತಿದ್ದರು, ತಮ್ಮ ಹುಬ್ಬಳ್ಳಿ ಮಾತಿನಲ್ಲಿ. ಗಾಡಿಗೆ ಬೆಳಿಗ್ಗೆ ಒಂದು ಕೆಮ್ಮು ಬೇಕೇ ಬೇಕು ಎಂಬುದು ಅವರ ಸಿದ್ಧಾಂತ.

ಆ ಕೆಮ್ಮಿನ ಹೊಗೆಯೆಲ್ಲ ಹೋಗುತ್ತಿದ್ದದ್ದು ನಮ್ಮ ಕೆಳಗಿನ ಮನೆಯ ಅಡುಗೆಮನೆಗೆ. ಆ ಮನೆಯಾಕೆ ತಮಿಳಿನವರು, ನನ್ನದೇ ವಯಸ್ಸು, ಬಾಯಿ ಜೋರು. "ಸಾರ್! ಪೊಗೆ! ಕಿಚನ್ ಫುಲ್ಲಾ ಪೊಗೆ!" ಎಂದು ಕಿಟಕಿಯ ಸರಳಿಗೆ ಸೌಟು ಬಡಿಯುತ್ತಿದ್ದರು. ಇವರು ಕಾರಿನಿಂದ ಕೈ ಹೊರಗೆ ಹಾಕಿ ಆಯಿತು ಆಯಿತು ಎಂದು ಆಡಿಸುತ್ತಿದ್ದರು. ಮಾರನೆಯ ದಿನ ಅದೇ ಕಥೆ. ಇವರು ಹೋದ ಮೇಲೆ ಆಕೆ ನನ್ನನ್ನು ಕಂಡರೆ ದನಿ ತಗ್ಗಿಸುತ್ತಿದ್ದರು, ಮೆಟ್ಟಿಲಲ್ಲಿ ದಾರಿ ಬಿಟ್ಟು ನಿಲ್ಲುತ್ತಿದ್ದರು. ಜಗಳ ನಿಂತಿತು, ಜೊತೆಗೆ ಮಾತೂ ನಿಂತಿತು. ನಾನೂ ಒಬ್ಬಳೇ ಇರುವ ಹೆಂಗಸು ಯಾರ ಬಾಯಿಗೂ ಬೀಳಬಾರದು ಎಂದು ಗಾಡಿಯನ್ನು ಬೆಕ್ಕಿನಂತೆ ಎಬ್ಬಿಸಿ, ಸದ್ದಿಲ್ಲದೆ ಗೇಟು ದಾಟಿಸುತ್ತಿದ್ದೆ.

ಹಾಗಾದರೆ ಈ ಕಾಯಿಲೆ ಇವರು ಇದ್ದಾಗಲೂ ಇತ್ತು! ಎಷ್ಟು ವರ್ಷದಿಂದ ಇತ್ತೋ. ದಿನವೂ ಬೆಳಿಗ್ಗೆ ಆ ಒಂದು ರೇಸ್ ಕೊಟ್ಟು, ತಮಗೇ ಗೊತ್ತಿಲ್ಲದೆ ಡೈನಮೋವನ್ನು ಎಬ್ಬಿಸುತ್ತಿದ್ದರು. ನಾನು ಅದಕ್ಕೆ ದಿನವೂ ಬೈಯುತ್ತಿದ್ದೆ. ಅವರು ಹೋದ ಮೇಲೆ ಗಾಡಿ ಸೊರಗಿದೆ ಎಂದು ನನಗೆ ಅನ್ನಿಸುತ್ತಿದ್ದದ್ದು ಬರೀ ನನ್ನ ಮನಸ್ಸಿನ ಮಾತಾಗಿರಲಿಲ್ಲ. ಸರ್ವಿಸ್ ರಸ್ತೆಯ ಬದಿಯಲ್ಲಿ, ಎಳನೀರಿನವನು ನೋಡುತ್ತಿದ್ದಾನೆ ಎಂಬುದನ್ನೂ ಲೆಕ್ಕಿಸದೆ, ಸ್ಟೀರಿಂಗಿಗೆ ಹಣೆ ಕೊಟ್ಟು ಅತ್ತೆ. "ಒಂದು ಮಾತು ಹೇಳಬಾರದಿತ್ತಾ" ಎಂದು ಬೈದೆ. ಅವರಿಗೂ ಗೊತ್ತಿರಲಿಲ್ಲ ಎಂದು ತಿಳಿದೂ ಬೈದೆ.

ಭಾನುವಾರ ಗಾಡಿ ಕೊಳ್ಳುವವರು ಬರುವುದಕ್ಕೆ ಮೊದಲೇ ಮಗಳನ್ನೂ ಮೆಕ್ಯಾನಿಕ್ಕನ್ನೂ ಕೆಳಗೆ ನಿಲ್ಲಿಸಿ ತೋರಿಸಿದೆ. ಮೆಲ್ಲಗೆ ಎಬ್ಬಿಸಿದೆ: ಹನ್ನೆರಡು. ಒತ್ತಿದೆ: ಹದಿನಾಲ್ಕು. ಮೆಕ್ಯಾನಿಕ್ ತಲೆ ಕೆರೆದುಕೊಂಡ. ಆರಿಸಿ, ಕೀ ಅರ್ಧ ತಿರುಗಿಸಿ, ಡ್ಯಾಶ್‌ಬೋರ್ಡಿಗೆ ಮುಖ ತಂದು ನೋಡಿದ. ಹಳದಿ ಸುರುಳಿ ಹತ್ತಿತು, ಎಣ್ಣೆಯ ದೀಪ ಹತ್ತಿತು, ಕೈಬ್ರೇಕಿನದು ಹತ್ತಿತು. ಬ್ಯಾಟರಿಯ ಕೆಂಪು ದೀಪ ಮಾತ್ರ ಹತ್ತಲಿಲ್ಲ. ಎಂಜಿನ್ ಏಳುವ ಮುಂಚೆ ಅದು ಹತ್ತಲೇಬೇಕಂತೆ. ಡೈನಮೋವನ್ನು ಎಚ್ಚರಿಸುವ ಮೊದಲ ಚೂರು ಕರೆಂಟು ಆ ಬಲ್ಬಿನ ಮೂಲಕವೇ ಹೋಗಬೇಕಂತೆ. ಬಲ್ಬು ಸತ್ತರೆ ಕರೆಂಟೂ ಇಲ್ಲ, ಎಚ್ಚರಿಕೆಯೂ ಇಲ್ಲ. ಜೋರಾಗಿ ತಿರುಗಿಸಿದರೆ ಡೈನಮೋ ತಾನಾಗಿ ಏಳುತ್ತದೆ. "ನಾನೂ ಅದನ್ನು ನೋಡಲಿಲ್ಲವಲ್ಲ ಮಾ" ಎಂದು ತಮಿಳಿನಲ್ಲಿ ಪೇಚಾಡಿಕೊಂಡ. ನಮ್ಮೆಲ್ಲರ ಕಣ್ಣೂ ಹತ್ತಿದ ದೀಪದ ಮೇಲೆ. ಹತ್ತದ ದೀಪವನ್ನು ಯಾರು ಹುಡುಕುತ್ತಾರೆ?

ಡ್ಯಾಶ್‌ಬೋರ್ಡ್ ಬಿಚ್ಚಿ ಬಲ್ಬು ತೆಗೆದು ನನ್ನ ಅಂಗೈಗೆ ಹಾಕಿದ. ಕಡಲೆ ಕಾಳಿನಷ್ಟು. ಗಾಜು ಕಪ್ಪಾಗಿತ್ತು. ಸತ್ತು ಬಹಳ ವರ್ಷವಾಗಿರಬೇಕು ಎಂದ.

ಮಗಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, "ಅಪ್ಪ ದಿನಾ ರೇಸ್ ಮಾಡ್ತಿದ್ರಲ್ಲಮ್ಮ" ಎಂದಳು, ಕನ್ನಡದಲ್ಲಿ. ಅವಳ ಬಾಯಿಂದ ಕನ್ನಡ ಕೇಳಿ ಎಷ್ಟು ಕಾಲವಾಗಿತ್ತೋ. ನಾನು ಹೂಂ ಎಂದೆ. ಅವಳು ಪಕ್ಕಕ್ಕೆ ಹೋಗಿ ಫೋನ್ ಮಾಡಿ, ಗಾಡಿ ಕೊಡುವುದಿಲ್ಲ ಎಂದು ಆ ಮನುಷ್ಯರಿಗೆ ತಿಳಿಸಿದಳು.

ಹೊಸ ಬಲ್ಬು ಬಂತು. ಕೀ ಅರ್ಧ ತಿರುಗಿಸಿದರೆ ಕೆಂಪು ದೀಪ ಹತ್ತುತ್ತದೆ, ಎಂಜಿನ್ ಎದ್ದ ಕೂಡಲೇ ಆರುತ್ತದೆ, ನೀಲಿ ಅಂಕಿ ಹದಿನಾಲ್ಕು ತೋರಿಸುತ್ತದೆ. ನನ್ನ ಮೆಲ್ಲನೆಯ ಕಾಲಿಗೇ ಎಲ್ಲವೂ ಆಗುತ್ತದೆ. ಮಗಳು ನಿರಾಳವಾದಳು. ಕಾರಿನ ಚಿಂತೆ ತೀರಿದ ಮೇಲೆ ಆಫೀಸಿನಿಂದ ಅರ್ಧಕ್ಕೆ ಎದ್ದು ಬರುವ ಕಾರಣವೂ ಅವಳಿಗೆ ಉಳಿಯಲಿಲ್ಲ. ಫೋನ್ ಮಾಡಿ "ಗಾಡಿ ಓಕೆ ತಾನೇ ಮಾ?" ಎನ್ನುತ್ತಾಳೆ. ಓಕೆ ಎನ್ನುತ್ತೇನೆ. ತಪ್ಪು ಅವಳದಲ್ಲ.

ನಾನು ಎಣಿಸದೇ ಇದ್ದದ್ದು ಇನ್ನೊಂದು. ಆ ವಾರದ ಶನಿವಾರ ಕ್ರೋಂಪೇಟೆಗೆ ಹೊರಟೆ. ಗೇಟು ದಾಟಿದೆ, ಕುಂದ್ರತ್ತೂರು ರಸ್ತೆ ಹಿಡಿದೆ, ವಾರದ ಸುದ್ದಿ ಹೇಳಲು ಬಾಯಿ ತೆರೆದೆ. ಮಾತು ಬರಲಿಲ್ಲ. ಪಕ್ಕದ ಸೀಟು ಬರೀ ಸೀಟಾಗಿತ್ತು. ಕೆಟ್ಟಿದ್ದಷ್ಟು ದಿನ ಗಾಡಿ ಅವರೇ ಬೇಕು ಎನ್ನುತ್ತಿತ್ತು, ಈಗ ಅದಕ್ಕೆ ಅವರು ಬೇಕಿಲ್ಲ. ಹೋಟೆಲಿನಲ್ಲಿ ಗಲ್ಲಾದವರು "ಗಾಡಿ ಸಮ ಆಯ್ತಾ ಅಮ್ಮ?" ಎಂದರು. ಸರಿಯಾಯಿತು ಎಂದು ಹೇಳಿ, ಕಾಫಿಯನ್ನು ಅರ್ಧ ಬಿಟ್ಟು ಎದ್ದು ಬಂದೆ.

ಮುಂದಿನ ಶನಿವಾರ ಕೆಳಗಿಳಿದು ಗಾಡಿಯಲ್ಲಿ ಕೂತೆ. ಕೀ ಅರ್ಧ ತಿರುಗಿಸಿದೆ. ಹಳದಿ ಸುರುಳಿ ಆರುವವರೆಗೆ ಅವರ ಶ್ಲೋಕ ಹೇಳಿದೆ. ನನಗೆ ಪೂರ್ತಿ ಬರುವುದಿಲ್ಲ, ಬಂದಷ್ಟು ಹೇಳಿದೆ. ಎಂಜಿನ್ ಎಬ್ಬಿಸಿದೆ. ಕೆಂಪು ದೀಪ ಆರಿತು, ಅಂಕಿ ಹದಿನಾಲ್ಕಕ್ಕೆ ಏರಿತು. ಇನ್ನೇನೂ ಮಾಡಬೇಕಾಗಿರಲಿಲ್ಲ. ಕಾಲನ್ನು ಆಕ್ಸಿಲರೇಟರಿನ ಮೇಲಿಟ್ಟು ನೆಲ ಮುಟ್ಟುವವರೆಗೆ ಒತ್ತಿದೆ.

ಗಾಡಿ ಗರ್ಜಿಸಿತು. ಪಾರಿವಾಳಗಳು ಎದ್ದವು. ಹೊಗೆ ಸೀದಾ ಕೆಳಗಿನ ಮನೆಯ ಅಡುಗೆಮನೆಯ ಕಡೆ ಹೋಯಿತು. ಒಳಗೆ ಪಾತ್ರೆ ಬಿದ್ದ ಸದ್ದಾಗಿ ಕಿಟಕಿ ದಡಕ್ಕನೆ ತೆರೆಯಿತು. ಆಕೆ ಸೌಟು ಹಿಡಿದೇ ಬಂದಿದ್ದರು. ಬೈಗುಳಕ್ಕೆ ಕಾದು ಕೂತೆ. ಬೈಗುಳ ಬರಲಿಲ್ಲ. ಸೌಟು ಸರಳಿನ ಹತ್ತಿರ ಬಂದು ಹಾಗೇ ನಿಂತಿತ್ತು. ಆಕೆಯ ಕಣ್ಣು ಮೊದಲು ಸ್ಟೀರಿಂಗಿನ ಕಡೆ, ಆಮೇಲೆ ನನ್ನ ಕಡೆ ಬಂತು.

"ಸಾರ್ ವಂದುಟ್ಟಾರೋನ್ನು ನೆನೆಚ್ಚೇನ್ ಮಾ" ಎಂದರು. ಸಾರ್ ಬಂದುಬಿಟ್ಟರೇನೋ ಎಂದುಕೊಂಡೆ ಎಂದು.

"ಇಲ್ಲೆ, ನಾನ್ ತಾನ್" ಎಂದೆ. ಇಲ್ಲ, ನಾನೇ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆಗೆ ಎಂಬಂತೆ ಕೆಮ್ಮಿದರು. ನಾನು ಕಾರಿನ ಕಿಟಕಿಯಿಂದ ಕೈ ಹೊರಗೆ ಹಾಕಿ, ಅವರು ಆಡಿಸುತ್ತಿದ್ದ ಹಾಗೆ ಆಡಿಸಿದೆ. ಗೇಟು ದಾಟುವಾಗ ಕನ್ನಡಿಯಲ್ಲಿ ನೋಡಿದರೆ ಆಕೆ ಇನ್ನೂ ಅಲ್ಲೇ ನಿಂತಿದ್ದರು. "ನೋಡಿದ್ರಾ," ಎಂದೆ ಪಕ್ಕದ ಸೀಟಿಗೆ, "ನಿಮ್ಮನ್ನ ಹುಡುಕ್ತಿದ್ದಾರೆ."